ಗ್ರಿಲ್ ಕೊಳ್ಳುವ ಮುಂಚೆ ಅದು ಹೇಗೆ ಆರುತ್ತದೆ ಅಂತ ನೋಡಿ: ಬಾಲ್ಕನಿ, ಮಾಳಿಗೆ, ಹೊಲದ ಮನೆಗೆ ಒಂದು ಹೋಲಿಕೆ

ಡಿಸೆಂಬರ್ ಬಂದರೆ ಬಳ್ಳಾರಿಯಲ್ಲಿ ಸಂಜೆ ಹೊತ್ತು ಮಾಳಿಗೆ ಮೇಲೆ ಕೂರುವಂತಾಗುತ್ತದೆ. ಬಿಸಿಲಿಗೆ ಹೆದರಿ ಒಳಗೇ ಇದ್ದವರೆಲ್ಲ ಹೊರಗೆ ಬರುತ್ತಾರೆ. ಸುಟ್ಟು ತಿನ್ನುವ ಆಸೆ ಹುಟ್ಟುವುದೂ ಆಗಲೇ. ಕೋಳಿ, ತುಂಗಭದ್ರೆಯ ಮೀನು, ಪನೀರು, ಗೋವಿನಜೋಳದ ತೆನೆ. ಏನೂ ಇಲ್ಲದಿದ್ದರೆ ರೊಟ್ಟಿಗೆ ನೆಂಚಿಕೊಳ್ಳಲು ಎರಡು ಬದನೆಕಾಯಿ.

ಈ ಸಲ ಒಂದೇ ವಾರದಲ್ಲಿ ನನಗೆ ಮೂರು ಫೋನ್ ಬಂದವು. ಮೂವರದೂ ಒಂದೇ ಪ್ರಶ್ನೆ: ಮನೆಗೆ ಗ್ರಿಲ್ ತರಬೇಕು, ಯಾವುದು ಚಲೋ?

ಒಬ್ಬಳು ನಮ್ಮೂರಿನ ಗೆಳತಿ. ಅಪಾರ್ಟ್‌ಮೆಂಟಿನ ಮೂರನೇ ಮಹಡಿ, ಸಣ್ಣ ಬಾಲ್ಕನಿ. ಇನ್ನೊಬ್ಬಳು ರಾಯಚೂರಿನಲ್ಲಿರುವ ತಂಗಿ. ಸ್ವಂತ ಮನೆ, ದೊಡ್ಡ ಮಾಳಿಗೆ, ಓಡಾಡುವ ಎರಡು ಮಕ್ಕಳು. ಮೂರನೆಯವನು ಕೊಪ್ಪಳದ ಹತ್ತಿರ ಹೊಲದಲ್ಲಿ ಮನೆ ಕಟ್ಟಿಸಿಕೊಂಡಿರುವ ಚಿಕ್ಕಪ್ಪನ ಮಗ. ಅವನ ಮನೆಗೆ ಜನ ಬಂದರೆ 25ಕ್ಕೆ ಕಡಿಮೆ ಇಲ್ಲ. "ಅಕ್ಕಾ, ಒಂದು ಹಳೇ ಡ್ರಮ್ ಕೊಯ್ಸಿ ಗ್ರಿಲ್ ಮಾಡ್ಸಿಬಿಡ್ಲಾ?" ಅಂತ ಕೇಳಿದ.

ಮೂವರಿಗೂ ಒಂದೇ ಉತ್ತರ ಕೊಟ್ಟಿದ್ದರೆ ಇಬ್ಬರಿಗಾದರೂ ಅಪಾಯವಾಗುತ್ತಿತ್ತು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಾನು ಕಲಿತದ್ದು ಹೇಗೆ

ಮೂರು ಚಳಿಗಾಲದ ಹಿಂದಿನ ಮಾತು. ನಮ್ಮ ಮಾಳಿಗೆ ಮೇಲೆ ತೆರೆದ ಶೇಗಡಿಯಲ್ಲಿ ಕೋಳಿ ಸುಟ್ಟೆವು. ರಾತ್ರಿ 11ರ ಹೊತ್ತಿಗೆ ಇದ್ದಿಲು ಪೂರ್ತಿ ಬೂದಿಯಾದಂತೆ ಕಾಣುತ್ತಿತ್ತು. ಬೆಳಿಗ್ಗೆ 7ಕ್ಕೆ ಹೋಗಿ ಬೂದಿಯ ಮೇಲೆ ಕೈ ಹಿಡಿದೆ. ತಣ್ಣಗಿತ್ತು. ಸುಮ್ನೆ ಪ್ಲಾಸ್ಟಿಕ್ ಕಸದ ಬುಟ್ಟಿಗೆ ಸುರಿದೆ. ಬುಟ್ಟಿಯಲ್ಲಿ ರಾತ್ರಿ ಸುಲಿದ ತೆನೆಯ ಸಿಪ್ಪೆ ಇತ್ತು.

10 ಗಂಟೆಗೆ ಕೆಳಗೆ ಅಡುಗೆಮನೆಗೇ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಓಡಿ ಹೋಗಿ ನೋಡಿದರೆ ಬುಟ್ಟಿಯ ತಳವೇ ಇರಲಿಲ್ಲ. ಕರಗಿ ನೆಲಕ್ಕೆ ಅಂಟಿಕೊಂಡಿತ್ತು. ಪಕ್ಕದಲ್ಲಿ ನಿಲ್ಲಿಸಿದ್ದ ಕಡ್ಡಿ ಪೊರಕೆ ಅರ್ಧ ಸುಟ್ಟಿತ್ತು. ನೀರಿನ ಟ್ಯಾಂಕಿನ ಪೈಪು ಒಂದು ಗೇಣುದ್ದ ಕಪ್ಪಾಗಿತ್ತು. ಅಲ್ಲಿಂದ ಮೂರೇ ಅಡಿ ದೂರದಲ್ಲಿ ಬಿಸಿಲಿಗೆ ಹಾಕಿದ್ದ ಹತ್ತಿಯ ಗಾದಿ. ಬೂದಿ ಕೆದಕಿದಾಗ ಹುಣಸೆ ಬೀಜದಷ್ಟು ದಪ್ಪದ ಒಂದು ಚೂರು ಕೆಂಪಗೆ ಕಣ್ಣು ಬಿಟ್ಟಿತು. ಬೂದಿ ಮುಚ್ಚಿದ ಕೆಂಡ ಅನ್ನುವ ಮಾತನ್ನು ಚಿಕ್ಕಂದಿನಿಂದ ಕೇಳಿದ್ದೆ. ಅವತ್ತು ಕಣ್ಣಾರೆ ನೋಡಿದೆ.

ಆಮೇಲೆ ನನ್ನ ಲೆಕ್ಕವೇ ಬದಲಾಯಿತು. ಅಂಗಡಿಯಲ್ಲಿ ಎಲ್ಲರೂ ಕೇಳುವುದು ಎಷ್ಟು ಬೇಗ ಹೊತ್ತುತ್ತದೆ ಅಂತ. ನಾನು ಮೊದಲು ಕೇಳುವುದು ಎಷ್ಟು ಬೇಗ ಆರುತ್ತದೆ ಅಂತ.

ಮೊದಲು ನೋಡಬೇಕಾದ್ದು

ಆರುವುದು ನನ್ನ ಮೊದಲ ಅಳತೆ. ಏನಾದರೂ ಎಡವಟ್ಟಾದರೆ, ಮಗು ಬಿದ್ದರೆ, ಗಾಳಿ ಎದ್ದರೆ, ಈ ಬೆಂಕಿಯನ್ನು ಎಷ್ಟು ಹೊತ್ತಿನಲ್ಲಿ ನಿಲ್ಲಿಸಬಹುದು? ಊಟ ಮುಗಿದ ಮೇಲೆ ಎಷ್ಟು ಹೊತ್ತು ಅದನ್ನು ಕಾಯಬೇಕು?

ಎರಡನೆಯದು ಜಾಗ. ಇದ್ದಿಲು ಇಲ್ಲವೇ ಗ್ಯಾಸಿನ ಗ್ರಿಲ್ ಇಡುವ ಕಡೆಯಿಂದ ಮನೆಯ ಗೋಡೆ, ಕಿಟಕಿ, ಒಣಹಾಕಿದ ಬಟ್ಟೆ, ಪ್ಲಾಸ್ಟಿಕ್ ಟ್ಯಾಂಕು ಎಲ್ಲವೂ 10 ಅಡಿ ದೂರ ಇರಬೇಕು. ಒಮ್ಮೆ ತಲೆ ಎತ್ತಿಯೂ ನೋಡಿ. ಹಳೇ ಓಣಿಗಳಲ್ಲಿ ಕರೆಂಟಿನ ತಂತಿ, ಕೇಬಲ್ ಮಾಳಿಗೆಗೆ ತಾಗುವಷ್ಟು ಹತ್ತಿರ ಹೋಗಿರುತ್ತವೆ. ಮೇಲೆ ಪತ್ರಾಸ್ ಶೀಟು, ಹಸಿರು ನೆರಳು ಬಟ್ಟೆ, ಶಾಮಿಯಾನ ಇದ್ದರೆ ಅಲ್ಲಿ ಬೆಂಕಿ ಬೇಡ. ನೆಲವನ್ನೂ ನೋಡಿ. ಶಹಾಬಾದ್ ಕಲ್ಲು, ಟೈಲ್ಸ್ ಒಂದೇ ಕಡೆ ಕಾದರೆ ಬಿರಿಯುತ್ತವೆ. ಇಟ್ಟಿಗೆ ಅಗಲಕ್ಕೆ ಹಾಸಿ, ಅದರ ಮೇಲೆ ಒಂದಿಂಚು ಒಣ ಮರಳು ಹರಡಿದರೆ ಸಾಕು. ನಮ್ಮ ಕಡೆ ಹಳ್ಳಿಗಳಲ್ಲಿ ಇನ್ನೂ ತೊಲೆ, ಜಂತಿಯ ಮಣ್ಣಿನ ಮಾಳಿಗೆಗಳಿವೆ. ಅವುಗಳ ಮೇಲೆ ಯಾವ ಗ್ರಿಲ್ಲೂ ಬೇಡ. ಮಣ್ಣಿನ ಕೆಳಗಿರುವುದು ಒಣ ಕಟ್ಟಿಗೆ.

ಮೂರನೆಯದು ಗಾಳಿ. ಆಷಾಢದ ಗಾಳಿಯಲ್ಲಿ ಇದ್ದಿಲಿನ ಕಿಡಿ ಎಲ್ಲಿಗೆ ಹಾರುತ್ತದೆ ಹೇಳಲಾಗದು. ಟವೆಲ್ ನೇತು ಹಾಕಿ ನೋಡಿ. ಅದು ಅಡ್ಡಕ್ಕೆ ಹಾರುತ್ತಿದ್ದರೆ ಅವತ್ತು ಬೆಂಕಿ ಹಚ್ಚಬೇಡಿ. ಅವತ್ತಿನ ಊಟ ಒಳಗೆ ತವೆ ಮೇಲೆ ಆಗಲಿ.

ಉಳಿದವು ನಿಮಗೇ ಗೊತ್ತಿರುವಂಥವು. ವರ್ಷಕ್ಕೆ ಎಷ್ಟು ಸಲ, ಎಷ್ಟು ಜನಕ್ಕೆ, ಎಷ್ಟು ದುಡ್ಡು. ಇವುಗಳ ಜೊತೆ ಇನ್ನೊಂದನ್ನು ಸೇರಿಸಿಕೊಳ್ಳಿ: ಊಟ ಮುಗಿಯುವವರೆಗೆ ಗ್ರಿಲ್ ಬಿಟ್ಟು ಕದಲದವರು ಮನೆಯಲ್ಲಿ ಯಾರಿದ್ದಾರೆ? ಅಂಥವರು ಯಾರೂ ಇಲ್ಲದಿದ್ದರೆ ಇದ್ದಿಲಿನದು ಬೇಡವೇ ಬೇಡ.

ಕರೆಂಟಿನ ಗ್ರಿಲ್

ಆರುವ ವಿಷಯಕ್ಕೆ ಬಂದರೆ ಇದು ಸುಲಭ. ಸ್ವಿಚ್ ಆಫ್ ಮಾಡಿದರೆ ಶಾಖ ಹುಟ್ಟುವುದು ಅಲ್ಲಿಗೇ ನಿಂತಿತು. ಸಲಾಕೆ ತಣ್ಣಗಾಗಲು ಅರ್ಧ ಗಂಟೆ ಬಿಟ್ಟರೆ ಸಾಕು. ಬೂದಿ ಇಲ್ಲ, ಕಿಡಿ ಇಲ್ಲ. ಸಣ್ಣ ಬಾಲ್ಕನಿಯವರು ಇದೊಂದನ್ನೇ ಯೋಚಿಸಬಹುದು. ಬೆಲೆ ಎರಡು ಸಾವಿರದಿಂದ ಐದು ಸಾವಿರದ ಆಸುಪಾಸು.

ಅಪಾಯ ಇರುವುದು ವೈರಿನಲ್ಲಿ. 2000 ವ್ಯಾಟ್‌ನ ಗ್ರಿಲ್ 230 ವೋಲ್ಟಿನಲ್ಲಿ ಹೆಚ್ಚುಕಡಿಮೆ 8.7 ಆಂಪ್ ಎಳೆಯುತ್ತದೆ. ಮೊಬೈಲ್ ಚಾರ್ಜ್ ಮಾಡುವ 6 ಆಂಪ್ ಸಾಕೆಟ್ ಇದನ್ನು ತಡೆದುಕೊಳ್ಳುವುದಿಲ್ಲ. ಗೀಸರ್, ಫ್ರಿಜ್‌ಗೆ ಕೊಡುವ ದಪ್ಪ ಪಿನ್ನಿನ 16 ಆಂಪ್ ಪಾಯಿಂಟ್ ಬೇಕು, ಅದಕ್ಕೆ ಅರ್ಥಿಂಗ್ ಸರಿಯಾಗಿರಬೇಕು. ಕಿಟಕಿಯಿಂದ ತೆಳ್ಳನೆ ಎಕ್ಸ್‌ಟೆನ್ಶನ್ ಬಾಕ್ಸ್ ಎಳೆದು ಓಡಿಸುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ವೈರನ್ನು ಸುರುಳಿ ಸುತ್ತಿಟ್ಟಿದ್ದರೆ ಅದು ಇನ್ನೂ ಬೇಗ ಕಾಯುತ್ತದೆ. ಐದು ನಿಮಿಷ ಓಡಿಸಿ, ಆಫ್ ಮಾಡಿ, ಪಿನ್ ಮುಟ್ಟಿ ನೋಡಿ. ಬಿಸಿ ಇದ್ದರೆ ಆ ಪಾಯಿಂಟ್ ಸಾಲದು ಅಂತಲೇ ಅರ್ಥ. ಎಲೆಕ್ಟ್ರಿಶಿಯನ್ ಕರೆದು ಹೊಸ ಪಾಯಿಂಟ್ ಹಾಕಿಸಿ. ಜೊತೆಗೆ 30 ಮಿಲಿ ಆಂಪ್‌ನ ಆರ್‌ಸಿಸಿಬಿಯನ್ನೂ ಹಾಕಿಸಿ. ಶಾಕ್ ಹೊಡೆಯುವಂಥ ಸೋರಿಕೆ ಆದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಕರೆಂಟ್ ಕಡಿದುಹಾಕುತ್ತದೆ. ಈ ಖರ್ಚನ್ನು ಗ್ರಿಲ್ಲಿನ ಬೆಲೆಗೇ ಸೇರಿಸಿ ಲೆಕ್ಕ ಹಾಕಿ.

ಇನ್ನೊಂದು ತೊಂದರೆ ವೋಲ್ಟೇಜ್. ವೋಲ್ಟೇಜ್ ಸ್ವಲ್ಪ ಇಳಿದರೂ ಶಾಖ ಬಹಳ ಇಳಿಯುತ್ತದೆ. 230 ಇರಬೇಕಾದ್ದು 180ಕ್ಕೆ ಬಂದರೆ 2000 ವ್ಯಾಟಿನ ಗ್ರಿಲ್ ಕೊಡುವುದು ಸುಮಾರು 1200 ವ್ಯಾಟ್ ಮಾತ್ರ. ಆಗ ಕೋಳಿ ಸುಡುವುದಿಲ್ಲ, ನೀರು ಬಿಟ್ಟುಕೊಂಡು ಬೇಯುತ್ತದೆ. ಹೊರಗೆ ಬಣ್ಣ ಬಂದರೂ ಮೂಳೆಯ ಹತ್ತಿರ ಹಸಿ ಉಳಿಯುತ್ತದೆ. ಒಂದು ಗಂಟೆ ಓಡಿಸಿದರೆ 2 ಯೂನಿಟ್, ಅದೇನು ಜಾಸ್ತಿ ಅಲ್ಲ. ನಾಲ್ಕು ಜನಕ್ಕಿಂತ ಹೆಚ್ಚಿದ್ದರೆ ಮಾತ್ರ ಕಾದು ಕಾದು ಸಾಕಾಗುತ್ತದೆ.

ಸಲಾಕೆಯ ಕೆಳಗೆ ತಟ್ಟೆ ಇರುವ ಮಾದರಿ ತಗೊಳ್ಳಿ. ಅದಕ್ಕೆ ನೀರು ಹಾಕಿಟ್ಟರೆ ಬಿದ್ದ ಕೊಬ್ಬು ಹೊತ್ತುವುದಿಲ್ಲ, ಹೊಗೆಯೂ ಕಡಿಮೆ.

ಗ್ಯಾಸಿನ ಗ್ರಿಲ್

ಹತ್ತು ಸಾವಿರದ ಕೆಳಗೆ ಒಳ್ಳೆಯದು ಸಿಗುವುದು ಕಷ್ಟ. ಆದರೆ ನಾಬ್ ತಿರುಗಿಸಿದರೆ ಬೆಂಕಿ ಆರುತ್ತದೆ. ಉರಿ ಎಷ್ಟು ಬೇಕೋ ಅಷ್ಟು ಇಟ್ಟುಕೊಳ್ಳಬಹುದು. ತಿಂಗಳಿಗೆ ಎರಡು ಸಲ ಸುಡುವ ಮನೆಗೆ, ಅದರಲ್ಲೂ ಮಕ್ಕಳಿರುವ ಮನೆಗೆ, ಈ ದುಡ್ಡು ದಂಡವಲ್ಲ.

ಎರಡು ಬರ್ನರಿನ ಗ್ರಿಲ್ ಪೂರ್ತಿ ಉರಿಯಲ್ಲಿ ಗಂಟೆಗೆ ಅರ್ಧ ಕಿಲೋದಷ್ಟು ಗ್ಯಾಸ್ ತಿನ್ನುತ್ತದೆ. 5 ಕೆ.ಜಿ.ಯ ಚಿಕ್ಕ ಸಿಲಿಂಡರ್ ಹತ್ತು ಗಂಟೆಗೆ ಬರುತ್ತದೆ. ಮಾಳಿಗೆ ಮೆಟ್ಟಿಲು ಹತ್ತಿಸಲು 14.2 ಕೆ.ಜಿ.ಯದಕ್ಕಿಂತ ಅದೇ ವಾಸಿ. ದೊಡ್ಡದರ ತೂಕ ಗ್ಯಾಸಿನದಷ್ಟೇ ಅಲ್ಲ, ಕಬ್ಬಿಣವೂ ಸೇರಿ ಸುಮಾರು 30 ಕಿಲೋ ಆಗುತ್ತದೆ.

ಕೊಳ್ಳುವ ಮುಂಚೆ ಒಂದು ಮಾತು ಕೇಳಿ ಖಾತ್ರಿ ಮಾಡಿಕೊಳ್ಳಿ: ನಮ್ಮ ಮನೆಯ ಮಾಮೂಲಿ ರೆಗ್ಯುಲೇಟರಿಗೆ ಇದು ನಡೆಯುತ್ತದಾ? ಹೊರದೇಶದಿಂದ ಬಂದ ಕೆಲವು ಗ್ರಿಲ್‌ಗಳ ಜೋಡಣೆ, ಒತ್ತಡ ಬೇರೆ ಇರುತ್ತವೆ. ಅದಕ್ಕೆ ಹೋಟೆಲಿನ ದೊಡ್ಡ ಒಲೆಗೆ ಹಾಕುವ ಹೆಚ್ಚಿನ ಒತ್ತಡದ ರೆಗ್ಯುಲೇಟರ್ ಸಿಕ್ಕಿಸಿ ಕೊಡುತ್ತೇವೆ ಅಂದರೆ ಬೇಡ ಅನ್ನಿ. ಪೈಪು ಕಿತ್ತಳೆ ಬಣ್ಣದ ಸುರಕ್ಷಾ ಪೈಪೇ ಆಗಿರಲಿ. ಅದರ ಬಾಳಿಕೆ 5 ವರ್ಷ. ದಿನಾಂಕ ಪೈಪಿನ ಮೇಲೇ ಇರುತ್ತದೆ. ನಮ್ಮ ಬಿಸಿಲಿಗೆ ಹೊರಗೇ ಬಿಟ್ಟರೆ ಅಷ್ಟು ದಿನವೂ ಬಾಳದು. ಬಳಸಿದ ಮೇಲೆ ಬಿಚ್ಚಿ ನೆರಳಲ್ಲಿಡಿ.

ಸಿಲಿಂಡರಿನ ಮೇಲೂ ಗಡುವು ಬರೆದಿರುತ್ತದೆ. ಹಿಡಿಕೆಯ ಪಟ್ಟಿಯ ಒಳಗೆ ಒಂದು ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ ಇಸವಿ. ಎ ಅಂದರೆ ಮಾರ್ಚ್, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್. ಆ ತಿಂಗಳು ದಾಟಿದ್ದರೆ ಮತ್ತೆ ಪರೀಕ್ಷೆ ಆಗಬೇಕು. ಅಂಥದ್ದನ್ನು ಬಾಗಿಲಲ್ಲೇ ವಾಪಸ್ ಕೊಡಿ.

ಜೋಡಿಸಿದ ಮೇಲೆ ಸೋಪಿನ ನೊರೆ ಹಚ್ಚಿ ನೋಡುವುದನ್ನು ಒಂದು ಸಲವೂ ಬಿಡಬೇಡಿ. ಬಟ್ಟಲಲ್ಲಿ ಸೋಪು ಕದಡಿ, ಪೈಪಿನ ಎರಡೂ ತುದಿಗೆ ಬೆರಳಲ್ಲಿ ಹಚ್ಚಿ, ಗ್ರಿಲ್ಲಿನ ನಾಬ್ ಮುಚ್ಚಿರುವಾಗ ಸಿಲಿಂಡರಿನ ಗ್ಯಾಸ್ ತೆರೆಯಿರಿ. ಗುಳ್ಳೆ ಉಬ್ಬಿದರೆ ಸೋರುತ್ತಿದೆ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದ್ದು ಮೇಲೆ ಹಾರಿಹೋಗುವುದಿಲ್ಲ, ನೆಲದ ಮೇಲೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಸುತ್ತ ಎತ್ತರದ ಗೋಡೆ ಇರುವ ಮಾಳಿಗೆ, ನೀರು ಹೋಗುವ ಮೋರಿ, ಮೆಟ್ಟಿಲ ಕೋಣೆ ಇವೆಲ್ಲ ಅದು ನಿಲ್ಲುವ ಜಾಗಗಳೇ. ಸಿಲಿಂಡರ್ ನೆಟ್ಟಗೆ ನಿಂತಿರಬೇಕು, ಗ್ರಿಲ್ಲಿನ ಹೊಟ್ಟೆಯ ಕೆಳಗಲ್ಲ, ಪಕ್ಕದಲ್ಲಿ. ಸೋರಿಕೆ ಅನ್ನಿಸಿದರೆ ರೆಗ್ಯುಲೇಟರ್ ಮುಚ್ಚಿ, ಸ್ವಿಚ್ ಮುಟ್ಟದೆ ದೂರ ಬಂದು 1906ಕ್ಕೆ ಫೋನ್ ಮಾಡಿ.

ಹಚ್ಚುವಾಗ ಮುಚ್ಚಳ ತೆರೆದೇ ಇರಬೇಕು. ಮುಚ್ಚಿಟ್ಟು ಗ್ಯಾಸ್ ಬಿಟ್ಟರೆ ಒಳಗೆ ತುಂಬಿಕೊಂಡು ಕಿಡಿ ತಾಗಿದಾಗ ಭಗ್ ಅಂತ ಮುಖಕ್ಕೇ ಬರುತ್ತದೆ. ಗಾಳಿಗೆ ಉರಿ ಆರಿದರೆ ನಾಬ್ ಮುಚ್ಚಿ, ಮುಚ್ಚಳ ತೆರೆದು 5 ನಿಮಿಷ ಕಾಯಿರಿ. ಆಮೇಲೆ ಹಚ್ಚಿ.

ಗ್ಯಾಸಿನಲ್ಲಿ ಕೆಂಡದ ವಾಸನೆ ಬರುವುದಿಲ್ಲ ಅನ್ನುವುದು ನಿಜ. ಬೇಕೇ ಬೇಕು ಅಂದರೆ ಸುಟ್ಟ ತುಂಡುಗಳ ಪಾತ್ರೆಯಲ್ಲಿ ಒಂದು ಬಟ್ಟಲು ಇಟ್ಟು, ಅದರಲ್ಲಿ ಒಂದೇ ಒಂದು ಕೆಂಡ ಹಾಕಿ, ಮೇಲೆ ತುಪ್ಪ ಬಿಟ್ಟು ಎರಡು ನಿಮಿಷ ಮುಚ್ಚಿ. ಇದನ್ನೂ ಹೊರಗೇ ಮಾಡಿ.

ಇದ್ದಿಲು: ತೆರೆದ ಶೇಗಡಿಯೋ, ಮುಚ್ಚಳದ್ದೋ

ಹೆಚ್ಚಿನವರಿಗೆ ಬೇಕಾಗಿರುವುದು ಇದೇ. ಮೆಣಸಿನಕಾಯಿ ಹಚ್ಚಿದ ಕೋಳಿಯ ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕಿ ಏಳುವ ಹೊಗೆ ಇದೆಯಲ್ಲ, ಅದನ್ನು ಬೇರೆ ಯಾವುದೂ ಕೊಡಲಾರದು. ಇದ್ದಿಲಿಗೆ ನಮಗೆ ಬರವೂ ಇಲ್ಲ. ನಮ್ಮ ಊರ ಹೆಸರನ್ನೇ ಹೊತ್ತ ಬಳ್ಳಾರಿ ಜಾಲಿ ಹಳ್ಳ, ಬೇಲಿ, ರಸ್ತೆ ಬದಿ ಎಲ್ಲ ಕಡೆ ಇದೆ. ಅಮೆರಿಕ ಖಂಡದಿಂದ ಬಂದ ಮರ ಅದು. ಅಲ್ಲಿನವರು ಮಾಂಸ ಸುಡಲು ಇಷ್ಟಪಡುವ ಮೆಸ್ಕಿಟ್ ಅನ್ನುವ ಮರವೂ ಇದೇ ಕುಲದ್ದು. ಗಟ್ಟಿ ಕಟ್ಟಿಗೆ, ಗಟ್ಟಿ ಇದ್ದಿಲು, ಹೆಚ್ಚು ಹೊತ್ತು ಕಾವು. ಆದರೆ ಸರಿಯಾಗಿ ಬೇಯದ ಇದ್ದಿಲು ಚಟಪಟ ಸಿಡಿಯುತ್ತದೆ. ಎರಡು ತುಂಡು ಕೈಯಲ್ಲಿ ಬಡಿದು ನೋಡಿ. ಠಣ್ ಅಂತ ಮಡಕೆಯ ಸದ್ದು ಬಂದರೆ ಚೆನ್ನಾಗಿ ಬೆಂದಿದೆ. ಕಟ್ಟಿಗೆಯ ಹಾಗೆ ದಬ್ ಅಂದರೆ, ಮುರಿದಾಗ ಒಳಗೆ ಕಂದು ಬಣ್ಣ ಕಂಡರೆ, ಬಿಟ್ಟುಬಿಡಿ. ಒಂದು ಕಿಲೋ ಕೋಳಿಗೆ ನನಗೆ ಒಂದು ಕಿಲೋ ಇದ್ದಿಲು ಹಿಡಿಯುತ್ತದೆ.

ತೆರೆದ ಶೇಗಡಿ ಸಾವಿರ, ಎರಡು ಸಾವಿರಕ್ಕೆ ಸಿಗುತ್ತದೆ. ಮುಚ್ಚಳವಿರುವ ಗುಂಡನೆಯ ಗ್ರಿಲ್ ಮೂರರಿಂದ ಆರು ಸಾವಿರ, ದೊಡ್ಡದಾದರೆ ಇನ್ನೂ ಜಾಸ್ತಿ. ನೋಡಲು ಒಂದು ಮುಚ್ಚಳಕ್ಕೆ ಇಷ್ಟು ದುಡ್ಡಾ ಅನ್ನಿಸುತ್ತದೆ, ಅಲ್ವಾ? ನನಗೂ ಹಾಗೇ ಅನ್ನಿಸಿ ತೆರೆದದ್ದು ತಂದಿದ್ದೆ. ಈಗ ಹೇಳುತ್ತೇನೆ, ದುಡ್ಡು ಕೊಡಬೇಕಾದ್ದು ಆ ಮುಚ್ಚಳಕ್ಕೇ. ಮುಚ್ಚಳ ಹಾಕಿ ಮೇಲಿನ, ಕೆಳಗಿನ ಎರಡೂ ಕಿಂಡಿ ಮುಚ್ಚಿದರೆ ಕೆಂಡಕ್ಕೆ ಗಾಳಿ ಸಿಗದೆ ತಾನಾಗಿ ಆರುತ್ತದೆ. ಕೊಬ್ಬು ಬಿದ್ದು ದಿಗ್ಗನೆ ಉರಿ ಎದ್ದರೂ ಮುಚ್ಚಳ ಹಾಕಿದರೆ ಮುಗಿಯಿತು. ಗಾಳಿ ಎದ್ದರೆ ಕಿಡಿ ಹೊರಗೆ ಹೋಗುವುದಿಲ್ಲ. ಅರ್ಧ ಉರಿದ ಇದ್ದಿಲು ಮುಂದಿನ ಸಲಕ್ಕೂ ಉಳಿಯುತ್ತದೆ. ತೆರೆದ ಶೇಗಡಿಯಲ್ಲಿ ಇದ್ಯಾವುದೂ ಆಗದು. ಇದ್ದಿಲು ಪೂರ್ತಿ ಉರಿದು ಮುಗಿಯುವವರೆಗೆ ನೀವು ಕಾಯಬೇಕು, ಅಷ್ಟೇ.

ಅಂಗಡಿಯಲ್ಲಿ ಕಾಲು ಹಿಡಿದು ಅಲ್ಲಾಡಿಸಿ. ಮೂರು ಕಾಲಿನ ಹಗುರ ಗ್ರಿಲ್ ಮಗುವಿನ ಮೊಣಕೈ ತಾಗಿದರೂ ಉರುಳುತ್ತದೆ. ಮುಚ್ಚಳ ಸುತ್ತಲೂ ಸರಿಯಾಗಿ ಕೂರುತ್ತದಾ, ಕಿಂಡಿಯ ತಗಡು ಸಲೀಸಾಗಿ ತಿರುಗುತ್ತದಾ ನೋಡಿ. ಕೆಳಗೆ ಬೂದಿ ಹಿಡಿಯುವ ತಟ್ಟೆ ಇಲ್ಲದ್ದನ್ನು ತರಬೇಡಿ.

ಹಚ್ಚಲು ಸೀಮೆಎಣ್ಣೆ, ಪೆಟ್ರೋಲ್, ಸ್ಯಾನಿಟೈಸರ್ ಯಾವುದೂ ಬೇಡ. ಸ್ಯಾನಿಟೈಸರಿನ ಉರಿ ಹಗಲಲ್ಲಿ ಕಣ್ಣಿಗೇ ಕಾಣುವುದಿಲ್ಲ. ಆರಿದೆ ಅಂದುಕೊಂಡು ಮತ್ತೆ ಸುರಿದರೆ ಬೆಂಕಿ ಬಾಟಲಿಯನ್ನೇ ಹಿಡಿಯುತ್ತದೆ. ನಾನು ಮಾಡುವುದು ಇಷ್ಟು. ಅಡುಗೆ ಎಣ್ಣೆಯ ಹಳೇ ತಗಡಿನ ಡಬ್ಬಿಯ ಮೇಲ್ಭಾಗ, ತಳ ಎರಡನ್ನೂ ಕತ್ತರಿಸಿ, ಕೆಳಗಡೆ ಸುತ್ತಲೂ ಮೊಳೆಯಿಂದ ತೂತು ಹೊಡೆದು, ನಾಲ್ಕು ಬೆರಳು ಎತ್ತರದಲ್ಲಿ ಎರಡು ಸರಳು ಅಡ್ಡ ತೂರಿಸಿದ್ದೇನೆ. ಸರಳಿನ ಮೇಲೆ ಇದ್ದಿಲು, ಕೆಳಗೆ ತೆಂಗಿನ ನಾರು, ಎರಡು ಬಿಲ್ಲೆ ಕರ್ಪೂರ. ಊದುವುದು ಬೇಡ, ಬೀಸುವುದು ಬೇಡ. 20 ನಿಮಿಷಕ್ಕೆ ಮೇಲಿನ ಇದ್ದಿಲಿಗೆ ಬಿಳಿ ಬೂದಿ ಕಟ್ಟುತ್ತದೆ. ಇಕ್ಕಳದಲ್ಲಿ ಹಿಡಿದು ಗ್ರಿಲ್ಲಿಗೆ ಸುರಿಯಿರಿ. ಡಬ್ಬಿಯನ್ನು ಮೊದಲ ಸಲ ಖಾಲಿ ಕಾಯಿಸಿ, ಬಣ್ಣ ಸುಟ್ಟುಹೋಗಲು ಬಿಡಿ.

ಬೂದಿಯ ಮಾತು ಇನ್ನೊಮ್ಮೆ. ಇದ್ದಿಲಿನ ಬೂದಿಯನ್ನು ಎರಡು ದಿನ, ಅಂದರೆ 48 ಗಂಟೆ, ಜೀವಂತ ಬೆಂಕಿ ಅಂತಲೇ ನೋಡಿ. ಮುಚ್ಚಳವಿರುವ ಕಬ್ಬಿಣದ ಡಬ್ಬಿಗೆ ಹಾಕಿ, ಇಟ್ಟಿಗೆಯ ಮೇಲೆ ಇಡಿ. ಆಮೇಲೆ ಬೇಕಾದರೆ ಪಾತ್ರೆ ತಿಕ್ಕಲು ಬಳಸಿ.

ಒಳಗೆ ತರಬೇಡಿ

ಯಾವ ಇದ್ದಿಲಿನ ಗ್ರಿಲ್ ತಂದರೂ ಇದೊಂದು ಮಾತು ಮರೆಯಬೇಡಿ. ಚಳಿ ಅಂತ ಉಳಿದ ಕೆಂಡವನ್ನು ಕೋಣೆಗೆ ತಂದಿಟ್ಟುಕೊಳ್ಳಬೇಡಿ. ಹೊಗೆ ಇಲ್ಲದ ಕೆಂಡದಿಂದಲೂ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ನಿದ್ದೆಯಲ್ಲಿದ್ದವರಿಗೆ ಅದೂ ತಿಳಿಯುವುದಿಲ್ಲ, ಏಳುವುದೇ ಇಲ್ಲ. ಬಾಗಿಲು ಸ್ವಲ್ಪ ತೆರೆದಿದ್ದೇವೆ, ಫ್ಯಾನ್ ಹಾಕಿದ್ದೇವೆ ಅನ್ನುವುದು ಸಾಲದು. ಕಾರು ನಿಲ್ಲಿಸುವ ಶೆಡ್, ಗಾಜು ಹಾಕಿ ಮುಚ್ಚಿದ ಬಾಲ್ಕನಿ, ಮಳೆಗೆ ಕಟ್ಟಿದ ತಾಡಪಾಲಿನ ಒಳಗೆ ಕೂಡ ಬೇಡ. ಮಳೆ ಬಂದರೆ ಊಟ ಒಳಗೆ ಹೋಗಲಿ, ಗ್ರಿಲ್ ನೆನೆಯಲಿ. ಯಾರಿಗಾದರೂ ಹೀಗಾದರೆ ಎಲ್ಲರೂ ಬಯಲಿಗೆ ಬಂದು 108ಕ್ಕೆ ಫೋನ್ ಮಾಡಿ.

ಡ್ರಮ್ಮೋ, ಇಟ್ಟಿಗೆಯೋ

ತಮ್ಮನ ಪ್ರಶ್ನೆಗೆ ಬರುತ್ತೇನೆ. ಉದ್ದಕ್ಕೆ ಸೀಳಿದ ಡ್ರಮ್ ನೋಡಲು ಚೆನ್ನ, ಒಂದೇ ಸಲಕ್ಕೆ ಐದಾರು ಕೋಳಿ ಹಿಡಿಸುತ್ತದೆ. ಆದರೆ ಆ ಡ್ರಮ್ಮಿನಲ್ಲಿ ಮೊದಲು ಏನಿತ್ತು? ಪೆಟ್ರೋಲ್, ಥಿನ್ನರ್ ಇದ್ದ ಡ್ರಮ್ಮನ್ನು ಕಟರ್‌ನಿಂದ ಕೊಯ್ಯುವಾಗಲೇ ಒಳಗೆ ಉಳಿದ ಆವಿ ಸಿಡಿಯಬಹುದು. ಹೊಲಕ್ಕೆ ಹೊಡೆಯುವ ಔಷಧಿ ಇದ್ದದ್ದಾದರೆ ಎಷ್ಟು ತೊಳೆದರೂ ಊಟಕ್ಕೆ ಬೇಡ. ಅಡುಗೆ ಎಣ್ಣೆಯ ಡ್ರಮ್ ಸಿಕ್ಕರೆ ಸರಿ. ಒಳಗೆ ಕಟ್ಟಿಗೆ ಹಾಕಿ ಚೆನ್ನಾಗಿ ಉರಿಸಿ, ಬಣ್ಣ ಪೂರ್ತಿ ಸುಟ್ಟ ಮೇಲೆ ಬಳಸಬಹುದು. ಜಿಂಕ್ ಬಳಿದ ಹೊಳೆಯುವ ತಗಡು, ಬಕೆಟ್ಟು, ಜಾಲರಿ, ಹಳೇ ಫ್ರಿಜ್ಜಿನ ಕಂಬಿಯ ಟ್ರೇ ಇವನ್ನು ಕೆಂಡದ ಮೇಲೆ ಇಡಬಾರದು. ಕಾದಾಗ ಆ ಲೇಪದಿಂದ ಬರುವ ಹೊಗೆ ಕೆಟ್ಟದ್ದು. ಕರಿ ಕಬ್ಬಿಣದ ಸರಳು ಇಲ್ಲವೇ ಸ್ಟೀಲ್ ಜಾಲರಿಯೇ ಇರಲಿ.

ನನ್ನ ಮಾತು ಕೇಳಿದರೆ ಹೊಲದ ಮನೆಗೆ ಇಟ್ಟಿಗೆಯೇ ಸಾಕು. ಬರಿ ಮಣ್ಣಿನ ನೆಲದಲ್ಲಿ ಮೂರು ಕಡೆ ಗೋಡೆಯ ಹಾಗೆ ಇಟ್ಟಿಗೆ ಜೋಡಿಸಿ, ಗಾಳಿ ಬರುವ ಕಡೆಗೆ ಬೆನ್ನು ಮಾಡಿ, ಮೇಲೆ ಜಾಲರಿ. ಉರುಳುವುದಿಲ್ಲ, ತುಕ್ಕು ಹಿಡಿಯುವುದಿಲ್ಲ, ಖರ್ಚೂ ಜಾಲರಿಯದಷ್ಟೇ. ಹಳ್ಳದ ಗುಂಡುಕಲ್ಲು ಮಾತ್ರ ತರಬೇಡಿ. ಒಳಗೆ ನೀರು ಹೀರಿಕೊಂಡಿದ್ದರೆ ಕಾದು ಸಿಡಿಯುತ್ತದೆ.

ಆದರೆ ಇಷ್ಟೂ ಆಯ್ಕೆಗಳಲ್ಲಿ ಆರಲು ಎಲ್ಲಕ್ಕಿಂತ ಹೆಚ್ಚು ಹೊತ್ತು ತಗೊಳ್ಳುವುದೂ ಇದೇ. ಕಾದ ಇಟ್ಟಿಗೆ ಬೆಳಗಿನ ತನಕ ಬಿಸಿ ಹಿಡಿದಿರುತ್ತದೆ. ಹೊಲದಲ್ಲಿ ಹೆದರಬೇಕಾದ್ದು ಬಣವಿಗೆ. ಜೋಳದ ಕಣಿಕೆ, ಭತ್ತದ ಹುಲ್ಲು, ಬಿಡಿಸಿಟ್ಟ ಹತ್ತಿ, ಇವಕ್ಕೆ ಒಂದು ಕಿಡಿ ಸಾಕು, ವರ್ಷದ ದುಡಿಮೆ ಹೋಗುತ್ತದೆ. ಬಣವಿ ಗಾಳಿಯ ಮೇಲ್ಬದಿಗಿರಲಿ, ಬೆಂಕಿ ಕೆಳಬದಿಗೆ, ನಡುವೆ ಆದಷ್ಟು ದೂರ. ಸುತ್ತ 10 ಅಡಿ ಕಸಕಡ್ಡಿ ಗುಡಿಸಿ ನೆಲ ಬರಿದು ಮಾಡಿ. ಬೋರ್ ಇದೆ ಅಂತ ಧೈರ್ಯ ಬೇಡ. ಕರೆಂಟ್ ಹೋದ ಹೊತ್ತಿಗೆ ಬೋರಿನಲ್ಲಿ ನೀರಿಲ್ಲ. ನಾಲ್ಕು ಕೊಡ ಮೊದಲೇ ತುಂಬಿಡಿ. ಕೊನೆಗೆ ನೀರು ಚಿಮುಕಿಸಿ, ಕೋಲಿನಿಂದ ಕೆದಕಿ, ಮತ್ತೆ ನೀರು ಹಾಕಿ. ಚುಂಯ್ ಅನ್ನುವ ಸದ್ದು ಪೂರ್ತಿ ನಿಲ್ಲಬೇಕು. ಮಣ್ಣು ಮುಚ್ಚಿ ಹೋಗಬೇಡಿ. ಮಣ್ಣಿನ ಕೆಳಗೆ ಕೆಂಡ ಹಾಗೇ ಇರುತ್ತದೆ, ಬೆಳಿಗ್ಗೆ ಬರಿಗಾಲಲ್ಲಿ ಓಡುವ ಹುಡುಗರು ಅದರ ಮೇಲೇ ಕಾಲಿಡುತ್ತಾರೆ. ಇದು ಮಣ್ಣಿನ ಮೇಲಿನ ಇಟ್ಟಿಗೆ ಒಲೆಗೆ ಮಾತ್ರ. ಕಾದ ಕಬ್ಬಿಣದ ಗ್ರಿಲ್ಲಿಗೆ ನೀರು ಸುರಿದರೆ ಬಿಸಿ ಆವಿ, ಬೂದಿ ಮುಖಕ್ಕೆ ಎದ್ದುಬರುತ್ತವೆ.

ಕಡ್ಡಿಗೆ ಪೋಣಿಸಿ ಸುಡುವ ಆಸೆ ಇದ್ದರೆ ಬಿದಿರಿನದೋ ಸ್ಟೀಲಿನದೋ ತನ್ನಿ. ಅಂಗಳದ ಕಣಗಿಲೆ ನೆಟ್ಟಗಿದೆ ಅಂತ ಮುರಿಯಬೇಡಿ. ಅದು ವಿಷ. ಅದರ ಕಟ್ಟಿಗೆಯ ಹೊಗೆಯೂ ಒಳ್ಳೆಯದಲ್ಲ.

ಎಲ್ಲದಕ್ಕೂ ಬೇಕಾಗುವ ನಾಲ್ಕು ವಸ್ತು

ಗ್ರಿಲ್ಲಿನ ಬಜೆಟ್ಟಿನಲ್ಲೇ ಇವಕ್ಕೂ ಸ್ವಲ್ಪ ಎತ್ತಿಡಿ. ಒಂದು ಬಕೆಟ್ ಒಣ ಮರಳು. ಎಣ್ಣೆ, ಕೊಬ್ಬಿನ ಬೆಂಕಿಗೆ ನೀರು ಸುರಿದರೆ ಉರಿ ಎಗರುತ್ತದೆ, ಮರಳೇ ಸರಿ. ಕರೆಂಟಿನ ಗ್ರಿಲ್ ಆದರೆ ಮೊದಲು ಪ್ಲಗ್ ಕಿತ್ತು ಆಮೇಲೆ ಮರಳು. ಉದ್ದ ಹಿಡಿಕೆಯ ಇಕ್ಕಳ. ಮಾಂಸಕ್ಕೆ ಚುಚ್ಚುವ ಥರ್ಮಾಮೀಟರ್, ಕೋಳಿಯ ದಪ್ಪ ಭಾಗ ಒಳಗೆ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ನಾಲ್ಕನೆಯದು ಒಂದು ತುಂಡು ಸೀಮೆಸುಣ್ಣ. ಗ್ರಿಲ್ಲಿನ ಸುತ್ತ ಮೂರಡಿ ಬಿಟ್ಟು ಗೆರೆ ಎಳೆಯುತ್ತೇನೆ. ಮಕ್ಕಳಿಗೆ ದೂರ ಹೋಗು ಅಂದರೆ ಎಷ್ಟು ದೂರ ಅಂತ ತಿಳಿಯುವುದಿಲ್ಲ. ಗೆರೆ ದಾಟಬೇಡ ಅಂದರೆ ತಿಳಿಯುತ್ತದೆ, ಆಟದ ಹಾಗೆ ಪಾಲಿಸುತ್ತಾರೆ.

ಸೆರಗು, ದುಪಟ್ಟಾ ಸೊಂಟಕ್ಕೆ ಸಿಕ್ಕಿಸಿ. ನೈಲಾನ್ ಬಟ್ಟೆ ಅವತ್ತು ಬೇಡ, ಹೊತ್ತಿದರೆ ಕರಗಿ ಮೈಗೆ ಅಂಟುತ್ತದೆ. ಕೈ ಸುಟ್ಟರೆ 20 ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿಯಿರಿ. ಬೇಸಿಗೆಯಲ್ಲಿ ಟ್ಯಾಂಕಿನ ನಲ್ಲಿ ನೀರೇ ಕಾದಿರುತ್ತದೆ, ಆಗ ಮಡಕೆಯ ನೀರು ಸುರಿಯುತ್ತಿರಿ. ಪೇಸ್ಟು, ಶಾಯಿ, ಬೆಣ್ಣೆ ಹಚ್ಚಬೇಡಿ. ಬೇಸಿಗೆಯಲ್ಲಿ ಮಸಾಲೆ ಹಚ್ಚಿದ ಮಾಂಸವನ್ನು ಒಂದು ಗಂಟೆಗಿಂತ ಜಾಸ್ತಿ ಹೊರಗಿಡಬೇಡಿ. ಹಸಿಯದನ್ನು ತಂದ ತಟ್ಟೆಗೇ ಬೆಂದದ್ದನ್ನು ಹಾಕಬೇಡಿ. ಜಾಲರಿ ತಿಕ್ಕಲು ತಂತಿ ಬ್ರಷ್ ಬದಲು ಅರ್ಧ ಈರುಳ್ಳಿಯನ್ನು ಫೋರ್ಕಿಗೆ ಚುಚ್ಚಿ ಉಜ್ಜಿ. ಬ್ರಷ್ಷಿನ ತಂತಿ ಉದುರಿ ಊಟಕ್ಕೆ ಸೇರಿದರೆ ಗಂಟಲಿಗೆ ಚುಚ್ಚುತ್ತದೆ.

ಮೂವರಿಗೆ ನಾನು ಹೇಳಿದ್ದು

ಗೆಳತಿಗೆ: ಬಾಲ್ಕನಿಗೆ ಇದ್ದಿಲು ಬೇಡ, ಗ್ಯಾಸೂ ಬೇಡ. ಮೇಲಿನ ಮನೆಯವರ ಬಟ್ಟೆ ನಿನ್ನ ಬೆಂಕಿಯಿಂದ ಐದಾರು ಅಡಿ ಮೇಲಷ್ಟೇ ಇದೆ. 16 ಆಂಪ್ ಪಾಯಿಂಟ್ ಇದ್ದರೆ ಕರೆಂಟಿನದು ತಗೋ, ಅದೂ ಬಿಲ್ಡಿಂಗಿನವರನ್ನು ಕೇಳಿ. ಪಾಯಿಂಟ್ ಇಲ್ಲ, ಹಾಕಿಸಲು ಮಾಲೀಕರು ಒಪ್ಪುವುದಿಲ್ಲ ಅಂದರೆ ನಮ್ಮ ಮಾಳಿಗೆಗೆ ಬಾ.

ತಮ್ಮನಿಗೆ: ಈ ವರ್ಷ ಇಟ್ಟಿಗೆ ಜೋಡಿಸು. ಜೋಳ ಹಾಲು ತುಂಬಿದಾಗ ಸೀತನಿ ಸುಡಲೂ ಅದೇ ಆಗುತ್ತದೆ. ಮುಂದಿನ ವರ್ಷವೂ ಇಷ್ಟೇ ಜನ ಬಂದರೆ ಆಗ ಎಣ್ಣೆ ಡ್ರಮ್ ಹುಡುಕೋಣ.

ತಂಗಿಯ ಲೆಕ್ಕ ಸ್ವಲ್ಪ ಕಷ್ಟದ್ದು. ಅವಳ ಗಂಡನಿಗೆ ಕೆಂಡದ ವಾಸನೆಯೇ ಬೇಕು. ಅವಳಿಗೆ ಮಕ್ಕಳ ಭಯ. ತಿಂಗಳಿಗೆ ಎರಡು ಸಲ ಅನ್ನುವುದಾದರೆ ಗ್ಯಾಸಿನದೇ ಸರಿ, ವರ್ಷಕ್ಕೆ ಐದಾರು ಸಲವಾದರೆ ಮುಚ್ಚಳದ ಇದ್ದಿಲು ಗ್ರಿಲ್ ಸಾಕು ಅಂದೆ. ಕಳೆದ ವರ್ಷ ನಿಜವಾಗಿ ಎಷ್ಟು ಸಂಜೆ ಮಾಳಿಗೆ ಮೇಲೆ ಊಟ ಮಾಡಿದಿರಿ, ಎಣಿಸಿ ಹೇಳು ಅಂದೆ. ಅವಳು ಫೋನ್ ಹಿಡಿದೇ ಗಂಡನ ಜೊತೆ ಲೆಕ್ಕ ಹಾಕಿದಳು. ನಾಲ್ಕು ಸಲ. ಮುಚ್ಚಳದ್ದನ್ನೇ ತಂದಿದ್ದಾರೆ. ಬೂದಿಗೆ ಬೇಕಾದ ಕಬ್ಬಿಣದ ಡಬ್ಬಿಯನ್ನು ನಾನೇ ಕೊಟ್ಟು ಕಳಿಸಿದೆ.